ಓದುಗರ ಪ್ರಶ್ನೆ: ಗ್ಯಾಸ್ ಫೈರ್‌ಪ್ಲೇಸ್ ಎಲ್ಲಿ ಕೂರಿಸೋದು ಅನ್ನೋಕ್ ಮುಂಚೆ ಹೊಗೆ ಎಲ್ಲಿಂದ ಹೋಗತ್ತೆ ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಗ್ಯಾಸ್ ಫೈರ್‌ಪ್ಲೇಸ್ ಬಗ್ಗೇನೇ ಇದ್ವು, ಅದ್ರಲ್ಲೂ ಯಾವ ಕಲ್ಲು ಹಾಕ್ಸೋದು, ಗಾಜು ಎಷ್ಟು ಅಗಲ ಇದ್ರೆ ಚೆಂದ ಅಂತ ಕೇಳಿದೋರೇ ಜಾಸ್ತಿ. ಹೊಗೆ ಪೈಪ್ ಬಗ್ಗೆ ಕೇಳಿದೋರು ಕಮ್ಮಿ, ಅವ್ರ ಪ್ರಶ್ನೆಗಳನ್ನೇ ಮೊದ್ಲು ಎತ್ಕೊಂಡಿದೀನಿ. ಯಾಕಂದ್ರೆ ಕಲ್ಲು ಇಷ್ಟ ಆಗ್ಲಿಲ್ಲ ಅಂದ್ರೆ ಮುಂದಿನ ವರ್ಷ ಬದಲಾಯಿಸ್ಕೋಬಹುದು, ಗೋಡೆ ಮುಚ್ಚಿ ಬಣ್ಣ ಹೊಡೆದಾದ್ಮೇಲೆ ಪೈಪ್ ದಾರಿ ತಪ್ಪಿದೆ ಅಂತ ಗೊತ್ತಾದ್ರೆ ಗೋಡೆನೇ ಒಡೀಬೇಕಾಗತ್ತೆ.

ಪ್ರಶ್ನೆ: ಹಾಲ್‌ನಲ್ಲಿ ಟೀವಿ ಗೋಡೆಗೇ ಫೈರ್‌ಪ್ಲೇಸ್ ಬರೋ ಹಾಗೆ ಡಿಸೈನ್ ಆಗಿದೆ ಸರ್. ಆ ಗೋಡೆ ಮನೆ ಮಧ್ಯದಲ್ಲಿರೋದು, ಆಚೆ ಕಡೆ ಬೆಡ್‌ರೂಮ್. ಗ್ಯಾಸ್ ಅಂದ್ಮೇಲೆ ಸೌದೆ ತರ ಹೊಗೆ ಬರಲ್ವಲ್ಲ, ಪೈಪ್ ನಿಜವಾಗ್ಲೂ ಬೇಕಾ?

ಉತ್ತರ: ಬೇಕು. ಹೊಗೆ ಕಣ್ಣಿಗೆ ಕಾಣಲ್ಲ ಅಷ್ಟೇ, ಇಲ್ಲ ಅಂತಲ್ಲ. ಗ್ಯಾಸ್ ಸರಿಯಾಗೇ ಉರಿದ್ರೂ ಅದ್ರಿಂದ ಕಾರ್ಬನ್ ಡೈಆಕ್ಸೈಡ್ ಮತ್ತೆ ನೀರಿನ ಆವಿ ಬಂದೇ ಬರತ್ತೆ. ಒಂದು ಕೆಜಿ ಪ್ರೊಪೇನ್ ಉರಿದ್ರೆ ಸುಮಾರು 1.6 ಕೆಜಿ ನೀರು, 3 ಕೆಜಿ ಕಾರ್ಬನ್ ಡೈಆಕ್ಸೈಡ್ ಆಗತ್ತೆ. ಗಂಟೆಗೆ 30,000 ಬಿಟಿಯು (ಬಿಸಿ ಅಳೆಯೋ ಲೆಕ್ಕ), ಅಂದ್ರೆ ಹೆಚ್ಚುಕಮ್ಮಿ 9 ಕಿಲೋವ್ಯಾಟ್ ಫೈರ್‌ಪ್ಲೇಸ್ ಒಂದನ್ನ ಫುಲ್ ಇಟ್ಟು ಒಂದು ಗಂಟೆ ಉರಿಸಿದ್ರೆ ಹತ್ತತ್ರ 1 ಲೀಟರ್ ನೀರು ಆವಿಯಾಗಿ ಹೊರಗೆ ಬರತ್ತೆ. ಅದಕ್ಕೆ ದಾರಿ ಕೊಡದಿದ್ರೆ ಅದು ಕಿಟಕಿ ಗಾಜಿನ ಮೇಲೆ, ಬೀರು ಹಿಂದಿನ ಗೋಡೆ ಮೇಲೆ ಹೋಗಿ ಕೂರತ್ತೆ, ಅಲ್ಲೇ ಬೂಸ್ಟು ಹಿಡಿಯತ್ತೆ.

ನೀರು ಹಾಳುಮಾಡೋದು ಗೋಡೆ ಮಾತ್ರ. ಗಾಳಿ ಸಾಲ್ದೆ ಗ್ಯಾಸ್ ಅರೆಬರೆ ಉರಿದಾಗ ಹುಟ್ಟೋ ಕಾರ್ಬನ್ ಮೊನಾಕ್ಸೈಡ್ ಮನುಷ್ಯರನ್ನೇ ಕೊಲ್ಲತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯಲ್ಲ, ಕೆಮ್ಮು ಬರಲ್ಲ. ರಕ್ತದಲ್ಲಿರೋ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟ್ಕೊಳತ್ತೆ, ಹಾಗಾಗಿ ರೂಮಲ್ಲಿ ಸ್ವಲ್ಪವೇ ಇದ್ರೂ ಉಸಿರಾಡ್ತಾ ಉಸಿರಾಡ್ತಾ ಮೈಯಲ್ಲಿ ಸೇರ್ಕೊಂಡು ಹೋಗತ್ತೆ, ಮಲಗಿರೋರಿಗೆ ಎಚ್ಚರಾನೂ ಆಗಲ್ಲ.

ಇನ್ನು ನಿಮ್ಮ ಟೀವಿ ಗೋಡೆ. ಮಧ್ಯದ ಗೋಡೆಗೆ ಹಾಕ್ಲೇಬಾರ್ದು ಅಂತೇನಿಲ್ಲ, ಆದ್ರೆ ಅಲ್ಲಿಂದ ಪೈಪ್ ನೇರ ಮೇಲೆ ಹೋಗಿ ಛಾವಣಿ ದಾಟ್ಬೇಕು, ಇಲ್ಲಾಂದ್ರೆ ಅಡ್ಡಕ್ಕೆ ಓಡಿ ಹೊರಗೋಡೆ ಮುಟ್ಬೇಕು. ಪ್ರತಿ ಮಾಡೆಲ್‌ಗೂ ಪೈಪ್ ಒಟ್ಟು ಎಷ್ಟು ಉದ್ದ ಇರ್ಬಹುದು, ಅಡ್ಡಕ್ಕೆ ಎಷ್ಟು ಅಡಿ ಹೋಗೋಕೆ ಮುಂಚೆ ಮೇಲಕ್ಕೆ ಎಷ್ಟು ಅಡಿ ಏರಿರ್ಬೇಕು ಅಂತ ಅದ್ರ ಮ್ಯಾನುಯಲ್‌ನಲ್ಲೇ ಚಾರ್ಟ್ ಇರತ್ತೆ. ಒಂದೊಂದು ಬೆಂಡ್ ಹಾಕಿದ್ರೂ ಇಷ್ಟಿಷ್ಟು ಅಡಿ ಉದ್ದ ತಿಂದ ಹಾಗೆ ಲೆಕ್ಕ, 90 ಡಿಗ್ರಿ ಬೆಂಡ್ ಆದ್ರೆ ಇನ್ನೂ ಜಾಸ್ತಿ. ನಾನು ಏನ್ ಮಾಡ್ತೀನಿ ಅಂದ್ರೆ, ಫೈರ್‌ಪ್ಲೇಸ್ ಆರ್ಡರ್ ಮಾಡೋಕ್ ಮುಂಚೆ ಆ ಜಾಗದಲ್ಲಿ ನಿಂತು ತಲೆ ಎತ್ತಿ ನೋಡ್ತೀನಿ. ನೇರ ಮೇಲೆ ಏನಿದೆ? ಬೀಮ್ ಇದ್ಯಾ, ಮೇಲಿನ ರೂಮಿನ ವಾರ್ಡ್ರೋಬ್ ಬರತ್ತಾ, ಸ್ಲ್ಯಾಬ್ ಒಳಗೆ ವೈರಿಂಗ್ ಹೋಗಿದ್ಯಾ? ಒಂದು ಹಾಳೇಲಿ ಪೈಪ್ ದಾರಿ ಬರೆದು ಬೆಂಡ್ ಎಣಿಸ್ತೀನಿ. ಎರಡಕ್ಕಿಂತ ಜಾಸ್ತಿ ಆದ್ರೆ ಮನೆಯವ್ರ ಹತ್ರ ಕೂತು ಜಾಗಾನೇ ಬದಲಾಯಿಸೋಣ್ವಾ ಅಂತ ಕೇಳ್ತೀನಿ. ನಿಮ್ಮ ಪ್ಲಾನ್ ಇನ್ನೂ ಕಾಗದದ ಮೇಲೇ ಇದ್ರೆ ಹೊರಗೋಡೆಗೆ ಸರಿಸಿ, ಅದೇ ನನ್ನ ಸಲಹೆ. ಟೀವಿಗೂ ಒಳ್ಳೇದು, ಕೆಳಗಿನ ಬಿಸಿ ಅದಕ್ಕೆ ತಟ್ಟಲ್ಲ.

ಪ್ರಶ್ನೆ: ಡೈರೆಕ್ಟ್ ವೆಂಟ್, ನ್ಯಾಚುರಲ್ ವೆಂಟ್, ವೆಂಟ್-ಫ್ರೀ ಅಂತ ಮೂರು ಹೇಳ್ತಾರೆ. ಅಂಗಡಿಯವ್ರು ವೆಂಟ್-ಫ್ರೀ ತಗೊಳ್ಳಿ, ಗೋಡೆ ಕೊರೆಯೋ ತಾಪತ್ರಯಾನೇ ಇಲ್ಲ, ಆಕ್ಸಿಜನ್ ಕಮ್ಮಿ ಆದ್ರೆ ತಾನೇ ಆಫ್ ಆಗತ್ತೆ ಅಂದ್ರು. ತಗೋಬಹುದಾ?

ಉತ್ತರ: ನಮ್ಮ ಮನೆಗೆ ನಾನು ಹಾಕಲ್ಲ, ನಿಮಗೂ ಹಾಕ್ಸಿ ಅಂತ ಹೇಳಲ್ಲ. ಹೆಸರೇ ಹೇಳೋ ಹಾಗೆ ಅದ್ರಲ್ಲಿ ಉರಿದದ್ದೆಲ್ಲ ರೂಮಿಗೇ ಬರತ್ತೆ, ಮೇಲೆ ಹೇಳಿದ ಆ ಒಂದು ಲೀಟರ್ ನೀರೂ ಸೇರಿ. ಅವ್ರು ಹೇಳಿದ ಸೆನ್ಸರ್ ಇರೋದು ನಿಜ, ಗಾಳೀಲಿ ಸಾಮಾನ್ಯವಾಗಿ 21 ಪರ್ಸೆಂಟ್ ಹತ್ರ ಇರೋ ಆಕ್ಸಿಜನ್ ಸುಮಾರು 18ಕ್ಕೆ ಇಳಿದಾಗ ಅದು ಗ್ಯಾಸ್ ನಿಲ್ಲಿಸತ್ತೆ. ಆದ್ರೆ ಅದು ನೋಡೋದು ಆಕ್ಸಿಜನ್ ಮಾತ್ರ, ಕಾರ್ಬನ್ ಮೊನಾಕ್ಸೈಡ್ ಅಲ್ಲ. ಬರ್ನರ್‌ಗೆ ಧೂಳು ಕೂತು, ಇಲ್ಲಾ ಸೌದೆ ತರ ಕಾಣ್ಲಿ ಅಂತ ಇಡೋ ಸೆರಾಮಿಕ್ ಕೊರಡು ಜಾಗ ತಪ್ಪಿ, ಉರಿ ಕೆಟ್ಟು ಮೊನಾಕ್ಸೈಡ್ ಬರ್ತಾ ಇದ್ರೂ ಆಕ್ಸಿಜನ್ 20 ಇದ್ರೆ ಆ ಸೆನ್ಸರ್ ಸುಮ್ನಿರತ್ತೆ. ಕ್ಯಾಲಿಫೋರ್ನಿಯಾದಂಥ ಕಡೆ ಮನೆ ಒಳಗಿನ ಬಳಕೆಗೆ ವೆಂಟ್ ಇಲ್ಲದ ಗ್ಯಾಸ್ ಹೀಟರ್ ಮಾರೋ ಹಾಗೇ ಇಲ್ಲ.

ನ್ಯಾಚುರಲ್ ವೆಂಟ್ ಅನ್ನೋದು ಹಳೇ ಪದ್ಧತಿ. ಉರಿಯೋಕೆ ಬೇಕಾದ ಗಾಳೀನ ರೂಮಿಂದ ತಗೊಂಡು ಬಿಸಿ ಹೊಗೇನ ಪೈಪ್ ಮೂಲಕ ಛಾವಣಿ ಮೇಲೆ ಬಿಡತ್ತೆ. ಬಿಸಿ ಗಾಳಿ ಹಗುರ, ಮೇಲಕ್ಕೆ ಏರತ್ತೆ, ಅದೊಂದೇ ಇದಕ್ಕೆ ಇಂಜಿನ್. ಹಾಗಾಗಿ ರೂಮಿಗೆ ಗಾಳಿ ಬರೋ ದಾರೀನೂ ಇರ್ಬೇಕು. ಅಮೆರಿಕದ ಎನ್‌ಎಫ್‌ಪಿಎ 54 ಅನ್ನೋ ಗ್ಯಾಸ್ ಸುರಕ್ಷತೆ ನಿಯಮದಲ್ಲಿರೋ ಒಂದು ಲೆಕ್ಕ ಪ್ರಕಾರ ಪ್ರತಿ 1,000 ಬಿಟಿಯುಗೆ 50 ಘನ ಅಡಿ ಜಾಗ ಬೇಕು. 30,000 ಬಿಟಿಯು ಅಂದ್ರೆ 1,500 ಘನ ಅಡಿ. 12 ಅಡಿಗೆ 12 ಅಡಿ ರೂಮು, 10 ಅಡಿ ಎತ್ತರ ಅಂದ್ಕೊಳಿ, 1,440 ಆಯ್ತು, ಅಂದ್ರೆ ನೋಡೋಕೆ ದೊಡ್ಡದಾಗೇ ಇರೋ ರೂಮೂ ಸಾಲಲ್ಲ. ಅದೇ ರೂಮಲ್ಲಿ ಇನ್ನೊಂದು ಗ್ಯಾಸ್ ಉಪಕರಣ ಇದ್ರೆ ಅದನ್ನೂ ಸೇರಿಸ್ಬೇಕು. ಕಿಟಕಿ ಬಾಗಿಲಿಗೆಲ್ಲ ರಬ್ಬರ್ ಹಾಕಿ ಗಾಳಿ ಆಡದ ಹಾಗೆ ಬಿಗಿ ಮಾಡಿಸಿದ ಹೊಸ ಮನೆಗಳಿಗೆ ಈ ಲೆಕ್ಕಾನೂ ಹೊಂದಲ್ಲ, ಹೊರಗಿಂದ ಗಾಳಿ ತರೋಕೆ ಬೇರೆ ದಾರೀನೇ ಮಾಡ್ಬೇಕಾಗತ್ತೆ.

ಡೈರೆಕ್ಟ್ ವೆಂಟ್‌ನಲ್ಲಿ ಈ ತಲೆನೋವಿಲ್ಲ. ಮುಂದೆ ಗಾಜು ಸೀಲ್ ಆಗಿರತ್ತೆ, ಪೈಪ್ ಒಳಗೆ ಇನ್ನೊಂದು ಪೈಪ್ ಇರತ್ತೆ, ಒಳಗಿನದ್ರಲ್ಲಿ ಹೊಗೆ ಆಚೆ ಹೋಗತ್ತೆ, ಎರಡರ ಮಧ್ಯದ ಸಂದಿನಲ್ಲಿ ಹೊರಗಿನ ಗಾಳಿ ಒಳಗೆ ಬರತ್ತೆ. ರೂಮಿನ ಗಾಳಿಗೂ ಬೆಂಕಿಗೂ ಸಂಬಂಧಾನೇ ಇರಲ್ಲ. ಇರೋ ಮನೆಗೆ ಹೊಸದಾಗಿ ಹಾಕ್ಸೋರಿಗೆ ನಾನು ಹೇಳೋದು ಇದನ್ನೇ, ಗೋಡೆ ಒಂದು ಸಲ ಕೊರೆಯೋ ಕಷ್ಟ ಇದ್ರೂ ಸರಿ.

ಪ್ರಶ್ನೆ: ಡೈರೆಕ್ಟ್ ವೆಂಟ್ ಹಾಕ್ಸೋದು ಅಂತ ತೀರ್ಮಾನ ಆಗಿದೆ. ಹೊರಗೋಡೇಲಿ ಪೈಪಿನ ಬಾಯಿ ಎಲ್ಲಿ ಬರ್ಬೇಕು? ಒಂದು ಕಡೆ ಬೆಡ್‌ರೂಮ್ ಕಿಟಕಿ, ಇನ್ನೊಂದು ಕಡೆ ಬಾಲ್ಕನಿ, ಎರಡರ ಮಧ್ಯ ಸ್ವಲ್ಪ ಗೋಡೆ ಇದೆ.

ಉತ್ತರ: ತುಂಬಾ ಒಳ್ಳೇ ಪ್ರಶ್ನೆ, ಫೋಟೋ ಕಳಿಸಿದ್ದು ಇನ್ನೂ ಒಳ್ಳೇದಾಯ್ತು. ಹೊರಗೆ ಹಾಕಿದ ಹೊಗೆ ಇನ್ನೊಂದು ಕಿಟಕೀಲಿ ವಾಪಸ್ ಬಂದ್ರೆ ಪೈಪ್ ಹಾಕ್ಸಿದ್ದಕ್ಕೆ ಅರ್ಥ ಇಲ್ಲ. ಎನ್‌ಎಫ್‌ಪಿಎ 54ರಲ್ಲಿ ಬಹಳ ವರ್ಷದಿಂದ ಬಂದಿರೋ ಲೆಕ್ಕ ಏನಂದ್ರೆ, 10,000ದಿಂದ 50,000 ಬಿಟಿಯುವರೆಗಿನ ಡೈರೆಕ್ಟ್ ವೆಂಟ್ ಆದ್ರೆ ತೆಗೆಯೋ ಕಿಟಕಿ ಬಾಗಿಲಿಂದ ಕಮ್ಮಿ ಅಂದ್ರೆ 9 ಇಂಚು, ಅದಕ್ಕಿಂತ ದೊಡ್ಡದಾದ್ರೆ 12 ಇಂಚು ದೂರ. ನಿಮ್ಮ ಮಾಡೆಲ್‌ನ ಮ್ಯಾನುಯಲ್ಲು, ನಿಮ್ಮ ಊರಿನ ನಿಯಮ ಇದಕ್ಕಿಂತ ಜಾಸ್ತಿ ಕೇಳಿದ್ರೆ ಅದೇ ಫೈನಲ್. ನನ್ನನ್ನ ಕೇಳಿದ್ರೆ ಇದು ಕಮ್ಮಿ ಪಕ್ಷದ ಲೆಕ್ಕ, ಗೋಡೇಲಿ ಜಾಗ ಇದ್ರೆ ಮೂರ್ನಾಲ್ಕು ಅಡಿ ದೂರ ಬಿಡಿ, ಅದ್ರಲ್ಲೂ ಆ ಕಿಟಕಿ ಬೆಡ್‌ರೂಮಿನದ್ದು ಅಂದ್ಮೇಲೆ. ಕಿಟಕಿ ಕೆಳಗಡೆ ಅಂತೂ ಬೇಡ, ಬಿಸಿ ಹೊಗೆ ಗೋಡೆ ಸವರ್ಕೊಂಡು ನೇರ ಮೇಲಕ್ಕೇ ಏರತ್ತೆ.

ಬಾಲ್ಕನಿ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಲ್ಲೇ ಜನ ಎಡವೋದು. ಈಗ ಬಾಲ್ಕನಿ ಓಪನ್ ಆಗಿದೆ, ಪೈಪಿನ ಬಾಯಿ ಅಲ್ಲಿಗೆ ಬಂದ್ರೆ ಏನೂ ತೊಂದ್ರೆ ಇಲ್ಲ ಅನ್ಸತ್ತೆ. ಎರಡು ವರ್ಷ ಆದ್ಮೇಲೆ ಮಳೆ ಎರಚಲು ಬರತ್ತೆ, ಧೂಳು ಬರತ್ತೆ ಅಂತ ಗ್ಲಾಸ್ ಸ್ಲೈಡಿಂಗ್ ಹಾಕ್ಸಿ ಬಾಲ್ಕನಿ ಮುಚ್ತಾರೆ, ಆಗ ಪೈಪ್ ಬಾಯಿ ಮನೆ ಒಳಗೇ ಬಂದ ಹಾಗಾಯ್ತು. ಹೋದ ಹೊಗೇನೇ ಮತ್ತೆ ಎಳ್ಕೊಂಡು ಉರಿಯೋಕ್ ಶುರು ಮಾಡತ್ತೆ, ಉರಿ ಕೆಡತ್ತೆ, ಸ್ಲೈಡಿಂಗ್ ತೆಗೆದ್ರೆ ಅದೆಲ್ಲಾ ಹಾಲ್‌ಗೆ ನುಗ್ಗತ್ತೆ. ಹಾಗಾಗಿ ಮುಂದೆ ಮುಚ್ಚಬಹುದಾದ ಯಾವ ಜಾಗಕ್ಕೂ ಬಾಯಿ ತೆಗೀಬೇಡಿ.

ಫೋಟೋದಲ್ಲಿ ಬಲಗಡೆ ಒಂದು ಮೂಲೆ ಕಾಣ್ತಿದೆ, ಎರಡು ಗೋಡೆ ಸೇರೋ ಒಳಮೂಲೆ. ಅಲ್ಲಿ ಗಾಳಿ ಸುತ್ತು ಹೊಡಿಯತ್ತೆ, ಪೈಲಟ್ (ಬರ್ನರ್ ಹಚ್ಚೋ ಪುಟ್ಟ ಉರಿ) ಆರಿಹೋಗ್ತಾ ಇರತ್ತೆ, ಅದನ್ನ ಬಿಟ್ಬಿಡಿ. ಸೂರಿನ ಕೆಳಗೆ ತೀರಾ ಹತ್ರಾನೂ ಬೇಡ, ಬಿಸಿ ಅಲ್ಲಿ ನಿಲ್ಲತ್ತೆ, ಸೂರಿಗೆ ಗಾಳಿಕಿಂಡಿ ಇದ್ರೆ ಹೊಗೆ ಅಟ್ಟದೊಳಕ್ಕೆ ಹೋಗತ್ತೆ. ಎಸಿ ಅಥವಾ ಬೇರೆ ಯಾವ್ದಾದ್ರೂ ಮೆಷಿನ್ ಹೊರಗಿನ ಗಾಳಿ ಒಳಗೆ ತಗೊಳ್ಳೋ ಕಿಂಡಿ, ಗ್ಯಾಸ್ ಮೀಟರ್, ರೆಗ್ಯುಲೇಟರ್ ಇವೆಲ್ಲದರಿಂದ ಎಷ್ಟು ದೂರ ಅಂತ ಮ್ಯಾನುಯಲ್‌ನಲ್ಲಿ ಚಿತ್ರ ಸಮೇತ ಇರತ್ತೆ. ನೆಲದಿಂದ ಕಮ್ಮಿ ಅಂದ್ರೆ 12 ಇಂಚು ಮೇಲಿರ್ಲಿ, ಜನ ಓಡಾಡೋ ದಾರಿ ಪಕ್ಕ ಆದ್ರೆ ಸಾಮಾನ್ಯವಾಗಿ 7 ಅಡಿ ಎತ್ತರ ಕೇಳ್ತಾರೆ. ಮಕ್ಕಳ ಕೈಗೆ ಎಟುಕೋ ಎತ್ತರ ಆಗಿದ್ರೆ ಜಾಲರಿ ಗಾರ್ಡ್ ಹಾಕ್ಸಿ, ಪೈಪಿನ ಬಾಯಿಗೆ ಹಾಕಿರೋ ಕ್ಯಾಪ್ ಮುಟ್ಟಿದ್ರೆ ಚರ್ಮ ಸುಟ್ಟೋಗತ್ತೆ. ಪಕ್ಕದ ಮನೆಯವ್ರ ಕಿಟಕೀನೂ ಕಿಟಕೀನೇ ಅನ್ನೋದು ನೆನಪಿರ್ಲಿ.

ಗೋಡೆ ಒಳಗೆ ಹೋಗೋವಾಗ ಪೈಪ್ ಹೊರಗಡೆಗೆ ಇಳಿಜಾರು ಆಗ್ಬಾರ್ದು. ಬಹಳಷ್ಟು ಮ್ಯಾನುಯಲ್‌ನಲ್ಲಿ ಅಡಿಗೆ ಕಾಲಿಂಚು ಏರು ಇರ್ಲಿ ಅಂತಾರೆ. ಮರದ ಚೌಕಟ್ಟಿನ ಗೋಡೆ ಆದ್ರೆ ಪೈಪಿಗೂ ಮರಕ್ಕೂ ಮಧ್ಯ ಎಷ್ಟು ಗ್ಯಾಪ್ ಅಂತ ಬರೆದಿರ್ತಾರೋ ಅಷ್ಟು ಬಿಟ್ಟು, ಅವ್ರೇ ಕೊಡೋ ಲೋಹದ ತಟ್ಟೆ ಕೂರಿಸ್ಬೇಕು. ಆ ಗ್ಯಾಪ್‌ನಲ್ಲಿ ಗಾಳಿ ಮಾತ್ರ ಇರ್ಬೇಕು, ಬಿಸಿ ಹೊರಗೆ ಹೋಗ್ಬಾರ್ದು ಅಂತ ಥರ್ಮಾಕೋಲ್, ಫೋಮ್ ಏನೂ ತುಂಬ್ಬೇಡಿ ದಯವಿಟ್ಟು.

ಪ್ರಶ್ನೆ: ಹಳೇ ಮನೇಲಿ ಇಟ್ಟಿಗೆ ಚಿಮಣಿ ಇದೆ, ಅಜ್ಜನ ಕಾಲದಲ್ಲಿ ಸೌದೆ ಉರಿಸ್ತಿದ್ರು. ಅದೇ ಚಿಮಣೀಲಿ ಗ್ಯಾಸ್ ಹೊಗೆ ಬಿಟ್ರೆ ಆಗಲ್ವಾ?

ಉತ್ತರ: ಚಿಮಣಿ ಉಪಯೋಗಿಸ್ಬಹುದು, ಹಾಗ್ಹಾಗೇ ಅಲ್ಲ. ಸೌದೆ ಬೆಂಕಿಗೆ ಕಟ್ಟಿದ ಚಿಮಣಿ ಒಳಗೆ ಅಗಲ ಜಾಸ್ತಿ, ಗ್ಯಾಸ್ ಹೊಗೆ ಅಷ್ಟು ಬಿಸಿ ಇರಲ್ಲ. ಅದು ಅಗಲವಾದ ತಣ್ಣನೆ ಇಟ್ಟಿಗೆ ಗೂಡಿನಲ್ಲಿ ನಿಧಾನಕ್ಕೆ ಏರ್ತಾ ಅರ್ಧ ದಾರೀಲೇ ತಣ್ಣಗಾಗಿ ಆವಿ ನೀರಾಗತ್ತೆ. ಆ ನೀರಲ್ಲಿ ಸ್ವಲ್ಪ ಹುಳಿ ಅಂಶ ಇರತ್ತೆ, ಇಟ್ಟಿಗೆ ಸಂದಿನ ಗಾರೆ ತಿನ್ನತ್ತೆ, ಒಳಗೋಡೇಲಿ ಕಂದು ಕಲೆ ಇಳಿಯತ್ತೆ. ಹೊಗೇನೂ ಮೇಲೆ ಹೋಗದೆ ರೂಮಿಗೇ ತಿರುಗಬಹುದು. ಅದಕ್ಕೆ ಚಿಮಣಿ ಒಳಗಿಂದ ಮೇಲಿನ ತುದಿವರೆಗೂ ಲೋಹದ ಲೈನರ್ ಇಳಿಸ್ತಾರೆ. ಡೈರೆಕ್ಟ್ ವೆಂಟ್ ಇನ್ಸರ್ಟ್ (ಹಳೇ ಒಲೆ ಗೂಡಿನೊಳಗೇ ಕೂರಿಸೋ ಫೈರ್‌ಪ್ಲೇಸ್) ಆದ್ರೆ ಎರಡು ಬಳುಕೋ ಪೈಪ್ ಅಕ್ಕಪಕ್ಕ ಇಳಿಯತ್ತೆ, ಒಂದು ಹೊಗೆಗೆ, ಒಂದು ಗಾಳಿಗೆ. ಮೇಲ್ಗಡೆ ಕ್ಯಾಪ್‌ನಲ್ಲಿ ಯಾವ್ದು ಯಾವ್ದಕ್ಕೆ ಅಂತ ಅದಲುಬದಲು ಆಗ್ದೇ ಇರೋಕೆ ಕೆಳಗಿಂದಲೇ ಟೇಪ್ ಸುತ್ತಿ ಗುರುತು ಮಾಡಿ ಇಳಿಸೋಕೆ ಹೇಳಿ.

ಲೈನರ್ ಇಳಿಸೋಕ್ ಮುಂಚೆ ಚಿಮಣಿ ಗುಡಿಸ್ಲೇಬೇಕು. ಹಳೇ ಮಸಿ, ಹಕ್ಕಿ ಗೂಡು, ಬಿದ್ದ ಇಟ್ಟಿಗೆ ಚೂರು ಎಲ್ಲಾ ಇರತ್ತೆ. ಒಂದು ಚಿಮಣಿ ಗೂಡಿಗೆ ಕೆಳಗಡೆ ಇನ್ನೊಂದು ಸೌದೆ ಒಲೆ ಸೇರಿದ್ರೆ ಅದ್ರಲ್ಲಿ ಗ್ಯಾಸ್ ಸೇರಿಸೋ ಹಾಗಿಲ್ಲ. ಹೊರಗೆ ಹೊಗೆ ಬಿಡದ, ಬರೀ ಸೆರಾಮಿಕ್ ಕೊರಡು ಇಟ್ಟು ಉರಿಸೋ ಗ್ಯಾಸ್ ಲಾಗ್ ಸೆಟ್ ಇಡ್ತೀರಿ ಅಂದ್ರೆ ಮೇಲಿನ ಪ್ರಶ್ನೇಲಿ ವೆಂಟ್-ಫ್ರೀ ಬಗ್ಗೆ ಹೇಳಿದ್ದೇ ಇದಕ್ಕೂ ಅನ್ವಯಿಸತ್ತೆ. ವೆಂಟ್ ಬೇಕಾದ ಲಾಗ್ ಸೆಟ್ ಆದ್ರೆ ಚಿಮಣಿಯ ಡ್ಯಾಂಪರ್ (ಹೊಗೆ ದಾರಿ ಮುಚ್ಚಿ ತೆಗೆಯೋ ತಟ್ಟೆ) ಯಾವತ್ತೂ ಪೂರ್ತಿ ಮುಚ್ಚದ ಹಾಗೆ ಕ್ಲಾಂಪ್ ಹಾಕಿ ಬಿಗಿಸ್ಬೇಕು.

ಪ್ರಶ್ನೆ: ನಮ್ಮದು ನ್ಯಾಚುರಲ್ ವೆಂಟ್. ಮೊದಲೆರಡು ವರ್ಷ ಏನೂ ಆಗ್ಲಿಲ್ಲ. ಅಡುಗೆಮನೆಗೆ ಹೊಸ ಎಕ್ಸಾಸ್ಟ್ ಹಾಕ್ಸಿದ್ಮೇಲೆ ಸಂಜೆ ಹೊತ್ತು ಹಾಲ್‌ನಲ್ಲಿ ಕೂತ್ರೆ ನಂಗೂ ನಮ್ಮ ಅತ್ತೆಗೂ ತಲೆನೋವು. ಹೊರಗೆ ವಾಕಿಂಗ್ ಹೋದ್ರೆ ಸರಿಹೋಗತ್ತೆ. ಕಾಕತಾಳೀಯ ಅಂತಾರೆ ಇವ್ರು.

ಉತ್ತರ: ಮೇಡಂ, ಇದನ್ನ ಓದ್ತಿದ್ದ ಹಾಗೇ ಫೈರ್‌ಪ್ಲೇಸ್ ಆಫ್ ಮಾಡಿ, ಚೆಕ್ ಮಾಡಿಸೋವರೆಗೂ ಹಚ್ಚಬೇಡಿ. ಒಂದೇ ರೂಮಲ್ಲಿ ಕೂತ ಇಬ್ರಿಗೂ ಒಟ್ಟಿಗೆ ತಲೆನೋವು ಬರೋದು, ಹೊರಗೆ ಹೋದ್ರೆ ಕಮ್ಮಿ ಆಗೋದು, ಇದು ಕಾರ್ಬನ್ ಮೊನಾಕ್ಸೈಡ್ ಲಕ್ಷಣ ಇರ್ಬಹುದು. ತಲೆಸುತ್ತು, ವಾಕರಿಕೆ, ಗೊಂದಲ ಏನಾದ್ರೂ ಸೇರ್ಕೊಂಡ್ರೆ ಎಲ್ರೂ ಹೊರಗೆ ಬಂದು ಡಾಕ್ಟರ್ ಹತ್ರ ಹೋಗಿ, ಮನೇಲಿ ಗ್ಯಾಸ್ ಉರಿಯತ್ತೆ ಅಂತ ಅವ್ರಿಗೆ ಮೊದಲೇ ಹೇಳಿ. ಅದನ್ನ ಹೇಳದಿದ್ರೆ ಅವ್ರು ಜ್ವರ, ಮೈಗ್ರೇನ್ ಅಂದ್ಕೋಬಹುದು.

ನಾನು ಇಂಥದ್ದೇ ಒಂದು ಮನೆಗೆ ಹೋಗಿದ್ದೆ. ಪೈಪ್ ಹೊಸದು, ಕ್ಯಾಪ್ ಕ್ಲೀನ್, ಉರಿ ಸರಿ ಇತ್ತು, ಯಾವ ತಪ್ಪೂ ಸಿಗ್ಲಿಲ್ಲ. ಆಮೇಲೆ ಎಲ್ಲಾ ಕಿಟಕಿ ಬಾಗಿಲು ಮುಚ್ಚಿಸಿ, ಅಡುಗೆಮನೆ ಎಕ್ಸಾಸ್ಟ್, ಬಾತ್‌ರೂಮ್ ಫ್ಯಾನ್ ಎಲ್ಲಾ ಆನ್ ಮಾಡಿಸಿ, ಫೈರ್‌ಪ್ಲೇಸ್ ಹಚ್ಚಿ ಐದು ನಿಮಿಷ ಬಿಟ್ಟು ಬಾಯಿಯ ಮೇಲಂಚಿಗೆ ಒಂದು ಊದುಬತ್ತಿ ಹಿಡಿದೆ. ಅದ್ರ ಹೊಗೆ ಒಳಗೆ ಎಳ್ಕೊಂಡು ಮೇಲೆ ಹೋಗ್ಬೇಕಿತ್ತು. ಒಂದು ಕ್ಷಣ ಅಲ್ಲೇ ತೂಗಾಡ್ತು, ಆಮೇಲೆ ಆ ಎಳೆ ಬಾಗಿ ನನ್ನ ಮುಖಕ್ಕೇ ಬಂತು. ಎಕ್ಸಾಸ್ಟ್ ಆಫ್ ಮಾಡಿ ಅಂದೆ, ಮಾಡಿದ್ರು, ಅರ್ಧ ನಿಮಿಷದಲ್ಲಿ ಅದೇ ಎಳೆ ತಿರುಗಿ ಚಿಮಣಿ ಒಳಕ್ಕೆ ಹೋಯ್ತು. ಅಲ್ಲಿದ್ದ ಅಜ್ಜಿ ಕಣ್ಣಾರೆ ನೋಡಿ "ಇಷ್ಟು ದಿನ ಇದನ್ನೇ ಕುಡಿದ್ವಾ" ಅಂದ್ರು.

ಕಾರಣ ಸರಳ. ಫ್ಯಾನ್ ಮನೆ ಗಾಳಿ ಹೊರಗೆ ತಳ್ಳತ್ತೆ, ಅಷ್ಟೇ ಗಾಳಿ ಎಲ್ಲಿಂದಾದ್ರೂ ಒಳಗೆ ಬರ್ಲೇಬೇಕು. ಕಿಟಕಿ ಬಿಗಿಯಾಗಿ ಮುಚ್ಚಿದ್ರೆ ಉಳಿಯೋ ದೊಡ್ಡ ತೂತು ಚಿಮಣೀನೇ. ಬಿಸಿ ಹೊಗೆ ಏರೋ ಬಲ ತುಂಬಾ ಕಮ್ಮಿ, ಫ್ಯಾನಿನ ಮುಂದೆ ನಿಲ್ಲಲ್ಲ. ಹಾಗಾಗಿ ನಿಮ್ಮಲ್ಲೂ ಪರೀಕ್ಷೆ ಮಾಡೋಕೆ ಬರೋರಿಗೆ ಎಲ್ಲಾ ಫ್ಯಾನ್ ಆನ್ ಇಟ್ಟೇ ನೋಡಿ ಅಂತ ಒತ್ತಿ ಹೇಳಿ, ನೀವಾಗೇ ಮಾಡೋಕೆ ಹೋಗ್ಬೇಡಿ, ಈಗಾಗ್ಲೇ ತಲೆನೋವು ಇದೆ. ಪರಿಹಾರ ಅಂದ್ರೆ ಎಕ್ಸಾಸ್ಟ್‌ಗೆ ಜೋಡಿಯಾಗಿ ಹೊರಗಿನ ಗಾಳಿ ಒಳಗೆ ತರೋ ದಾರಿ ಮಾಡ್ಸೋದು, ಇಲ್ಲಾಂದ್ರೆ ಡೈರೆಕ್ಟ್ ವೆಂಟ್‌ಗೆ ಬದಲಾಯಿಸೋದು. ಕಿಟಕಿ ಸ್ವಲ್ಪ ತೆಗೆದಿಟ್ಕೊಳ್ತೀವಿ ಅನ್ನೋದು ಪರಿಹಾರ ಅಲ್ಲ, ಚಳಿ ಜಾಸ್ತಿ ಆದ ದಿನಾನೇ ಯಾರೋ ಅದನ್ನ ಮುಚ್ತಾರೆ.

ಪ್ರಶ್ನೆ: ಗ್ಯಾಸ್ ಲೀಕ್ ಅಲಾರಂ ಇದೆ. ಸಾಕಲ್ವಾ?

ಉತ್ತರ: ಸಾಲಲ್ಲ, ಎರಡೂ ಬೇರೆ. ಅದು ಉರಿಯದ ಗ್ಯಾಸ್ ಹಿಡಿಯತ್ತೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲಕ್ಕೆ ಇಳಿಯತ್ತೆ, ಅದಕ್ಕೆ ಆ ಅಲಾರಂ ಕೆಳಗಡೆ. ಪೈಪ್‌ಲೈನಿನ ನ್ಯಾಚುರಲ್ ಗ್ಯಾಸ್ ಹಗುರ, ಅದಕ್ಕಾದ್ರೆ ಮೇಲ್ಗಡೆ. ಕಾರ್ಬನ್ ಮೊನಾಕ್ಸೈಡ್ ತೂಕ ಹೆಚ್ಚುಕಮ್ಮಿ ಗಾಳಿಯಷ್ಟೇ, ಎಲ್ಲಾ ಕಡೆ ಬೆರೆಯತ್ತೆ, ಅದ್ರ ಅಲಾರಂ ಬೇರೇನೇ ತಗೋಬೇಕು. ಮಲಗೋ ರೂಮುಗಳ ಹತ್ರ ಒಂದು, ಮಹಡಿಗೆ ಒಂದಾದ್ರೂ ಇರ್ಲಿ. ಯುಎಲ್ 2034 ಅನ್ನೋ ಅಮೆರಿಕದ ಮಾನದಂಡದ ಅಲಾರಂ, ಮೊನಾಕ್ಸೈಡ್ 70 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 70 ಭಾಗ) ಇದ್ರೆ 1ರಿಂದ 4 ಗಂಟೆ ಒಳಗೆ, 150 ಇದ್ರೆ 10ರಿಂದ 50 ನಿಮಿಷದಲ್ಲಿ, 400 ಆದ್ರೆ 4ರಿಂದ 15 ನಿಮಿಷದಲ್ಲಿ ಕೂಗತ್ತೆ. ಅಂದ್ರೆ ಕಮ್ಮಿ ಪ್ರಮಾಣದಲ್ಲಿ ತುಂಬ ಹೊತ್ತು ಸುಮ್ನೇ ಇರತ್ತೆ, ಅಲಾರಂ ಕೂಗಿಲ್ಲ ಅಂತ ತಲೆನೋವನ್ನ ತಳ್ಳಿಹಾಕ್ಬೇಡಿ. ಸೆನ್ಸರ್‌ಗೂ ಆಯಸ್ಸಿದೆ, ಹಿಂದ್ಗಡೆ ತಾರೀಖು ಬರೆದಿರತ್ತೆ, ಮುಗಿದ್ಮೇಲೆ ಹೊಸದು ತನ್ನಿ.

ಪ್ರಶ್ನೆ: ಗ್ಯಾಸ್ ಗೀಸರ್‌ದು ಪೈಪ್ ಉಳಿದಿದೆ, ಸೈಜ್ ಹತ್ರ ಹತ್ರ ಅದೇ. ಸೇರಿಸ್ಬಹುದಾ?

ಉತ್ತರ: ಬೇಡ. ಒಂದು ಕಂಪನಿ ಪೈಪು ಇನ್ನೊಂದ್ರ ಜೊತೆ ಕೂರೋ ಹಾಗೆ ಕಂಡ್ರೂ ಜೋಡು ಲಾಕ್ ಆಗಲ್ಲ, ಬಿಸಿಗೆ ಹಿಗ್ಗಿ ಕುಗ್ಗಿ ಗೋಡೆ ಒಳಗೆ ಬಿಟ್ಕೊಳತ್ತೆ. ಆ ಫೈರ್‌ಪ್ಲೇಸ್‌ಗೆ ಒಪ್ಪಿದ ಪೈಪ್ ಸೆಟ್ ಯಾವುದು ಅಂತ ಮ್ಯಾನುಯಲ್‌ನಲ್ಲಿ ಹೆಸರು ಸಮೇತ ಇರತ್ತೆ, ಅದನ್ನೇ ಹಾಕ್ಸಿ.

ಪ್ರಶ್ನೆ: ಮುಂದಿನ ವಾರ ಫಿಟ್ ಮಾಡೋಕೆ ಬರ್ತಾರೆ. ನಾವು ನಿಂತು ಏನ್ ನೋಡ್ಬೇಕು?

ಉತ್ತರ: ಗೋಡೆ ಮುಚ್ಚೋಕ್ ಮುಂಚೆ ಪ್ರತಿ ಜೋಡಿನ ಫೋಟೋ ತೆಗೆದಿಟ್ಕೊಳಿ, ಟೇಪ್ ಹಿಡಿದು ಗ್ಯಾಪ್ ಕಾಣೋ ಹಾಗೆ. ನಾಳೆ ಏನಾದ್ರೂ ಆದ್ರೆ ಗೋಡೆ ಎಲ್ಲಿ ಒಡೀಬೇಕು ಅಂತ ಅದೇ ಹೇಳೋದು. ಗ್ಯಾಸ್ ಲೈನ್ ಜೋಡಿಗೆ ಸೋಪ್ ನೀರು ಹಚ್ಚಿ ಗುಳ್ಳೆ ಬರತ್ತಾ ಅಂತ ನಿಮ್ಮೆದುರೇ ತೋರ್ಸೋಕೆ ಹೇಳಿ. ಕೊರಡುಗಳನ್ನ ಚೆಂದಕ್ಕೆ ಅಂತ ಆಚೀಚೆ ಸರಿಸ್ಬೇಡಿ, ಉರಿಗೆ ತಾಗಿದ್ರೆ ಮಸಿ ಕಟ್ಟತ್ತೆ, ಮಸಿ ಬಂತು ಅಂದ್ರೆ ಮೊನಾಕ್ಸೈಡೂ ಬರ್ತಿದೆ ಅಂತ ಲೆಕ್ಕ. ಈ ಫೈರ್‌ಪ್ಲೇಸ್‌ಗಳಲ್ಲಿ ಉರಿ ಹಳದಿ ಇರೋದು ಸಹಜ, ಅದಕ್ಕೆ ಗಾಬರಿ ಬೇಡ, ಗಾಜಿನ ಮೇಲೆ ಕಪ್ಪು ಬಂದ್ರೆ ಮಾತ್ರ ನಿಲ್ಲಿಸಿ ಫೋನ್ ಮಾಡಿ. ಹಚ್ಚಿದ ಕೂಡ್ಲೇ ಗಾಜು ಮಂಜಾಗಿ ಹತ್ತು ನಿಮಿಷದಲ್ಲಿ ತಿಳಿಯಾದ್ರೆ ಸರಿ, ಆಗದಿದ್ರೆ ಪೈಪ್ ಎಳೀತಿಲ್ಲ.

ಮೊದಲ ಸಲ ಹಚ್ಚಿದಾಗ ಬಣ್ಣ ಸುಟ್ಟ ವಾಸನೆ ಬರತ್ತೆ, ಕಿಟಕಿ ತೆಗೆದು ಕೆಲವು ಗಂಟೆ ಉರಿಸಿದ್ರೆ ಹೋಗತ್ತೆ. ಆಮೇಲೆ ವರ್ಷಕ್ಕೊಂದು ಸಲ ಪೈಪ್, ಕ್ಯಾಪ್, ಗಾಜಿನ ಸುತ್ತ ಇರೋ ಗ್ಯಾಸ್ಕೆಟ್ ಚೆಕ್ ಮಾಡ್ಸಿ. ಚಳಿಗಾಲ ಶುರು ಆಗೋಕ್ ಮುಂಚೆ ಮಾಡ್ಸಿದ್ರೆ ಒಳ್ಳೇದು, ಬೇಸಿಗೇಲಿ ಕ್ಯಾಪ್ ಒಳಗೆ ಕಣಜ, ಹಕ್ಕಿ ಗೂಡು ಕಟ್ಟಿರತ್ತೆ.